ಹಳೆಯ ಯೂರೋಪಿಯನ್ ಆಟೋಮ್ಯಾಟಿಕ್ ಕಾರು: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಅಡಿಕೆ ಬಾಬ್ತು ಲೆಕ್ಕ ಚುಕ್ತಾ ಮಾಡಿಕೊಳ್ಳಲು ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಹಲವರು, ರಸೀತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ ಮೇಲೆ, ಈಚೆಗೆ ಒಂದು ಹೊಸ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಬೆಂಗಳೂರಿನಲ್ಲಿ ಒಂದು ಹಳೆಯ ಸ್ಕೋಡಾ ಲಾರಾ ಬಂದಿದೆ, ಆಟೋಮ್ಯಾಟಿಕ್ ಗೇರಂತೆ, ಹೊಸ ಸಣ್ಣ ಕಾರಿನ ಅರ್ಧ ಬೆಲೆಗೂ ಕಡಿಮೆಗೆ ಕೊಡುತ್ತಾರಂತೆ, ತೆಗೆದುಕೊಳ್ಳಬಹುದೇ ಎಂಬುದು ಪ್ರಶ್ನೆ. ಕೇಳುವವರು ಬಹುತೇಕ ಐವತ್ತೈದು ಅರವತ್ತು ದಾಟಿದವರು. ತೋಟದ ಬದುಗಳನ್ನು ಹತ್ತಿ ಇಳಿದು ಎಡಮೊಣಕಾಲು ಸವೆದಿರುತ್ತದೆ. ಕ್ಲಚ್ಚು ತುಳಿಯುವ ಕೆಲಸ ತಪ್ಪಿದರೆ ಸಾಕು ಎಂಬ ಅಪೇಕ್ಷೆ ನ್ಯಾಯವಾದದ್ದೇ. ಆದರೆ ಒಂದು ವರ್ಷದ ಫಸಲಿನ ಹಣ ಒಂದೇ ಗೇರುಪೆಟ್ಟಿಗೆಗೆ ಹೋದೀತು ಎಂಬ ಭಯವೂ ಅಷ್ಟೇ ನಿಜ. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯಲಾಗಿದೆ.

ಮೊದಲು ಈ ಕಾರುಗಳು ನಮ್ಮ ಕಡೆಗೆ ಬಂದ ಬಗೆ. ಝೆಕ್ ದೇಶದ ಸ್ಕೋಡಾ ಕಂಪನಿಯವರು 2001ರಲ್ಲಿ ಮಹಾರಾಷ್ಟ್ರದ ಔರಂಗಾಬಾದಿನಲ್ಲಿ (ಈಗಿನ ಛತ್ರಪತಿ ಸಂಭಾಜಿನಗರ) ಆಕ್ಟೇವಿಯಾ ಕಾರನ್ನು ಜೋಡಿಸಿ ಮಾರಲಾರಂಭಿಸಿದರು. 2005ರಲ್ಲಿ ಅದರ ಎರಡನೆಯ ಪೀಳಿಗೆಯ ಕಾರು ಬಂದಿತು. ಬೇರೆ ದೇಶಗಳಲ್ಲಿ ಅದಕ್ಕೂ ಆಕ್ಟೇವಿಯಾ ಎಂದೇ ಹೆಸರು. ನಮ್ಮಲ್ಲಿ ಹಳೆಯದೂ ಮಾರಾಟದಲ್ಲಿದ್ದುದರಿಂದ ಹೊಸದನ್ನು ಲಾರಾ ಎಂದು ಕರೆದರು. ಇದರ ಒಡಹುಟ್ಟುಗಳೆಂದರೆ ಫೋಕ್ಸ್‌ವ್ಯಾಗನ್ ಜೆಟ್ಟಾ ಮತ್ತು ಪಸಾಟ್. ಗಟ್ಟಿ ತಗಡು, ಭಾರವಾದ ಬಾಗಿಲು, ಹೆದ್ದಾರಿಯಲ್ಲಿ ನೆಲಕ್ಕೆ ಅಂಟಿಕೊಂಡು ಓಡುವ ಗುಣ, ಐದು ಮಂದಿಗೆ ಸಲೀಸಾದ ಜಾಗ, ಹಿಂದೆ ನಾಲ್ಕು ಚೀಲ ಹಿಡಿಯುವಷ್ಟು ಡಿಕ್ಕಿ. ಇವುಗಳಲ್ಲಿ ದೋಷ ಹುಡುಕುವುದು ಕಷ್ಟ. ಅಗ್ಗವಾಗಿ ಸಿಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳನ್ನು ಓಡಿಸಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆಜ್ಞೆ ಮಾಡಿತು. ಸುಪ್ರೀಂ ಕೋರ್ಟು 2018ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಆ ಕಡೆಯ ಡೀಸೆಲ್ ಕಾರುಗಳು ದಂಡಿಯಾಗಿ ದಕ್ಷಿಣಕ್ಕೆ ಇಳಿದವು.

ಇನ್ನು ಗೇರಿನ ವಿಚಾರ. ಜನ ಎಲ್ಲವನ್ನೂ 'ಆಟೋಮ್ಯಾಟಿಕ್' ಎಂಬ ಒಂದೇ ಹೆಸರಿನಿಂದ ಕರೆದರೂ ಒಳಗಿರುವ ಯಂತ್ರ ಒಂದೇ ಅಲ್ಲ. ಇದನ್ನು ತಿಳಿಯದೆ ವ್ಯವಹಾರಕ್ಕೆ ಇಳಿಯುವುದು ಎಮ್ಮೆಯನ್ನು ನೀರಿನಲ್ಲಿಟ್ಟು ವ್ಯಾಪಾರ ಮಾಡಿದಂತೆ.

ಹಳೆಯ ಪದ್ಧತಿ ಟಾರ್ಕ್ ಕನ್ವರ್ಟರ್. ಇದರ ಮೂಲ ಜರ್ಮನಿಯ ಹರ್ಮನ್ ಫೊಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಹಡಗುಗಳಿಗಾಗಿ ಪಡೆದ ಪೇಟೆಂಟು. ನಮ್ಮ ಕೊಳವೆಬಾವಿಯ ಪಂಪಿನ ಇಂಪೆಲ್ಲರನ್ನು ಎಲ್ಲರೂ ಬಿಚ್ಚಿ ನೋಡಿದ್ದೇವೆ. ಅಂಥ ಎರಡು ಚಕ್ರಗಳನ್ನು ಎಣ್ಣೆ ತುಂಬಿದ ಒಂದೇ ಡಬ್ಬಿಯಲ್ಲಿ ಎದುರುಬದುರಾಗಿ ಇಟ್ಟರೆ, ಒಂದನ್ನು ಎಂಜಿನ್ನು ತಿರುಗಿಸಿದಾಗ ಎಣ್ಣೆಯ ರಭಸಕ್ಕೆ ಇನ್ನೊಂದೂ ತಿರುಗುತ್ತದೆ. ನಡುವೆ ಲೋಹಕ್ಕೆ ಲೋಹ ತಾಗುವುದಿಲ್ಲ. ಕಾರು ನಿಂತಾಗ ಎಂಜಿನ್ನು ಆರದಿರುವುದು ಇದರಿಂದಲೇ. 2010ರಲ್ಲಿ ಬಂದ ಫೋಕ್ಸ್‌ವ್ಯಾಗನ್ ವೆಂಟೋದ 1.6 ಪೆಟ್ರೋಲ್ ಆಟೋಮ್ಯಾಟಿಕ್ಕಿನಲ್ಲಿ ಇರುವುದು ಇದೇ ಜಾತಿಯ ಆರು ಗೇರಿನ ಪೆಟ್ಟಿಗೆ. ಓಟ ತುಸು ಮಂದ, ಪೆಟ್ರೋಲ್ ತುಸು ಹೆಚ್ಚು ಕುಡಿಯುತ್ತದೆ. ಆದರೆ ಬಾಳಿಕೆ ಹೆಚ್ಚು.

ಎರಡನೆಯದು ಡಿಎಸ್‌ಜಿ ಎಂಬ ಜೋಡಿ ಕ್ಲಚ್ಚಿನ ಪದ್ಧತಿ. ಫೋಕ್ಸ್‌ವ್ಯಾಗನ್‌ನವರು ಇದನ್ನು 2003ರಲ್ಲಿ ಮಾರುಕಟ್ಟೆಗೆ ತಂದರು. ಇದರಲ್ಲಿ ಕ್ಲಚ್ಚುಗಳು ಎರಡು: ಒಂದಕ್ಕೆ ಒಂದು, ಮೂರು, ಐದನೆಯ ಗೇರುಗಳು, ಇನ್ನೊಂದಕ್ಕೆ ಎರಡು, ನಾಲ್ಕು, ಆರು. ಅಡಿಕೆ ಗೊನೆ ಕೀಳುವವನು ಮರದಿಂದ ಮರಕ್ಕೆ ದಾಟುವುದನ್ನು ನೆನೆಯಿರಿ. ಮುಂದಿನ ಮರ ಕೈಗೆ ಸಿಕ್ಕಿದ ಮೇಲೆಯೇ ಹಿಂದಿನದನ್ನು ಬಿಡುತ್ತಾನೆ. ಹಾಗೆಯೇ ಕಾರು ಎರಡನೆಯ ಗೇರಿನಲ್ಲಿ ಓಡುತ್ತಿರುವಾಗಲೇ ಮೂರನೆಯದು ಸಿದ್ಧವಾಗಿ ಕಾಯುತ್ತಿರುತ್ತದೆ. ಗೇರು ಬದಲಾದುದು ಗೊತ್ತೇ ಆಗುವುದಿಲ್ಲ. ಈ ಕೆಲಸವನ್ನೆಲ್ಲ ನಡೆಸುವುದು ಎಣ್ಣೆಯ ಒತ್ತಡ ಮತ್ತು ಕಂಪ್ಯೂಟರು ಒಂದಾಗಿರುವ ಮೆಕಾಟ್ರಾನಿಕ್ ಎಂಬ ಭಾಗ. ಗ್ರಾಹಕನ ಹಣ ಕರಗುವುದೂ ಇಲ್ಲಿಯೇ. ಇದೊಂದನ್ನು ಬದಲಿಸಿದರೆ ಖರ್ಚು ಲಕ್ಷ ರೂಪಾಯಿ ದಾಟುವುದುಂಟು.

ಈ ಡಿಎಸ್‌ಜಿಯಲ್ಲೂ ಎರಡು ಬಗೆ. ಲಾರಾ, ಜೆಟ್ಟಾಗಳ ಡೀಸೆಲ್ ಕಾರುಗಳಲ್ಲಿರುವ ಆರು ಗೇರಿನದರಲ್ಲಿ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಶಾಖ ಎಣ್ಣೆಗೆ ಹೋಗುವುದರಿಂದ ಇದು ನಮ್ಮ ಬಿಸಿಲಿಗೂ ಏರಿಗೂ ತಡೆದುಕೊಳ್ಳುತ್ತದೆ. ಆದರೆ ಪ್ರತಿ 60,000 ಕಿಲೋಮೀಟರಿಗೆ ಗೇರೆಣ್ಣೆಯನ್ನೂ ಫಿಲ್ಟರನ್ನೂ ಬದಲಿಸಲೇಬೇಕು. ಇನ್ನೊಂದು, 2008ರಲ್ಲಿ ಬಂದ ಏಳು ಗೇರಿನದು. ಇದರ ಕ್ಲಚ್ಚು ಒಣ ಕ್ಲಚ್ಚು. ಸ್ಕೋಡಾ ಸೂಪರ್ಬ್‌ನ 1.8 ಪೆಟ್ರೋಲ್ ಕಾರಿನಲ್ಲಿಯೂ 2013ರಲ್ಲಿ ಬಂದ ವೆಂಟೋ ಟಿಎಸ್‌ಐ ಕಾರಿನಲ್ಲಿಯೂ ಇರುವುದು ಇದು. ಒಂದೇ ವೆಂಟೋ ಎಂಬ ಹೆಸರಿನಲ್ಲಿ ಇಸವಿ ಬದಲಾದಂತೆ ಎರಡು ಬೇರೆ ಬೇರೆ ಗೇರುಪೆಟ್ಟಿಗೆ ಇರುವುದನ್ನು ಗಮನಿಸಬೇಕು. ಈ ಒಣ ಕ್ಲಚ್ಚಿನ ಪೆಟ್ಟಿಗೆಯ ತೊಂದರೆ ಚೀನಾ ದೇಶದಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಗಿ, 2013ರಲ್ಲಿ ಕಂಪನಿಯು ಅಲ್ಲಿ ಮೂರು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಿ ಸರಿಪಡಿಸಬೇಕಾಯಿತು. ಅದೇ ವರ್ಷದ ಕೊನೆಗೆ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳ ಗೇರೆಣ್ಣೆಯನ್ನು ಸಿಂಥೆಟಿಕ್ಕಿನಿಂದ ಮಿನರಲ್ ಎಣ್ಣೆಗೆ ಬದಲಿಸುವ ಏರ್ಪಾಡು ಮಾಡಿದರು. ಸೆಕೆ ಹೆಚ್ಚಿರುವ ಕಡೆಗಳಲ್ಲಿ ಹಳೆಯ ಎಣ್ಣೆಯಿಂದ ವಿದ್ಯುತ್ ಭಾಗಗಳು ಕೆಡುತ್ತಿದ್ದುವು. 2013ಕ್ಕೆ ಮುಂಚಿನ ಅಂಥ ಕಾರು ಕಣ್ಣಿಗೆ ಬಿದ್ದರೆ, ಈ ಎಣ್ಣೆ ಬದಲಾದ ದಾಖಲೆಯನ್ನು ಕೇಳಿರಿ. ಇಲ್ಲವೆಂದರೆ ಎದ್ದು ಬರುವುದೇ ಲೇಸು. ನನ್ನ ಅಭಿಪ್ರಾಯದಲ್ಲಿ ನಮ್ಮಂಥ ತೋಟದವರಿಗೆ ಹೊಂದುವುದು ಮೊದಲು ಟಾರ್ಕ್ ಕನ್ವರ್ಟರ್, ಆಮೇಲೆ ಎಣ್ಣೆಯ ಕ್ಲಚ್ಚಿನ ಆರು ಗೇರಿನದು. ಒಣ ಕ್ಲಚ್ಚಿನದು ಬೆಂಗಳೂರಿನಲ್ಲೇ ಇರಲಿ.

ಕಾರು ನೋಡಲು ಬೆಳಿಗ್ಗೆ ಬೇಗ, ಎಂಜಿನ್ನು ತಣ್ಣಗಿರುವಾಗಲೇ ಹೋಗಬೇಕು. ಮಾರುವವನು ನಾವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಲು ಅದೇ ಸಾಕು. ಬ್ರೇಕು ತುಳಿದು 'ಪಿ'ಯಿಂದ 'ಆರ್'ಗೂ 'ಡಿ'ಗೂ ಹಾಕಿ ನೋಡಿರಿ. ಗೇರು ಹಿಡಿಯಲು ಒಂದೆರಡು ಸೆಕೆಂಡು ತಡವಾದರೆ, ಇಲ್ಲವೇ ಧಡಕ್ಕೆಂದು ಹೊಡೆದರೆ ಬೇಡ. ಒಂದರಿಂದ ಎರಡಕ್ಕೆ ಹೋಗುವಾಗ ನಡುಕ ಇರಬಾರದು. ಡೀಸೆಲ್ ಕಾರು ಆರಿಸುವಾಗ ಡಬ್ಬಿಯಲ್ಲಿ ಗುಂಡು ಅಲ್ಲಾಡಿದಂಥ ಸದ್ದು ಬಂದರೆ ಫ್ಲೈವ್ಹೀಲು ಹೋಗಿದೆಯೆಂದು ತಿಳಿಯಬೇಕು. ಅದೂ ದುಬಾರಿ ಬಾಬ್ತು. 1.9 ಡೀಸೆಲ್ ಲಾರಾಕ್ಕೆ ಕಂಪನಿ ಹೇಳಿದ 505.01 ದರ್ಜೆಯ ಎಂಜಿನ್ ಎಣ್ಣೆಯನ್ನೇ ಹಾಕುತ್ತ ಬಂದಿದ್ದಾರೆಯೇ ಎಂಬುದನ್ನು ಬಿಲ್ಲುಗಳಲ್ಲಿ ನೋಡಿರಿ. ಸಾಧಾರಣ ಎಣ್ಣೆಗೆ ಅದರ ಕ್ಯಾಮ್‌ಶಾಫ್ಟು ಸವೆಯುತ್ತದೆ. ಬಿಲ್ಲೇ ಇಲ್ಲದ ಕಾರು ಎಷ್ಟೇ ಹೊಳೆಯುತ್ತಿದ್ದರೂ ಬಿಲ್ಲಿಲ್ಲದ ಕಾರೇ.

ಕೊಂಡವರು ಓಡಿಸುವ ರೀತಿ ಮಾತ್ರ ಸ್ವಲ್ಪ ಬೇರೆ. ದೇವರಾಯನದುರ್ಗದ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ. ಭೋಗನರಸಿಂಹನ ಗುಡಿಯಿಂದ ಮೇಲೆ ಯೋಗನರಸಿಂಹನ ಕಡೆಗೆ ಹೋಗುವ ತಿರುವುಗಳ ಕಡಿದು ಎಲ್ಲರಿಗೂ ಗೊತ್ತು. ಜಾತ್ರೆಯ ದಿನ ಆ ಏರಿನಲ್ಲಿ ಸಾಲು ನಿಂತಾಗ ಕೆಲವರು ಆಕ್ಸಿಲರೇಟರನ್ನೇ ಒತ್ತಿ ಕಾರನ್ನು ಏರಿಗೆ ಆನಿಸಿ ನಿಲ್ಲಿಸುತ್ತಾರೆ. ಕ್ಲಚ್ಚು ಬೇಯುವುದು ಹೀಗೆಯೇ. ನಿಂತಾಗ ಬ್ರೇಕಿನ ಮೇಲೆ ನಿಲ್ಲಬೇಕು. ಮುಂದಿನ ವಾಹನ ಎರಡು ಮಾರು ಹೋದ ಮೇಲೆ ಹೊರಡಬೇಕು. ಇಳಿಯುವಾಗ ಗೇರಿನ ಸನ್ನೆಯನ್ನು ಪಕ್ಕಕ್ಕೆ ಸರಿಸಿ ಎರಡು ಅಥವಾ ಮೂರನೆಯ ಗೇರಿನಲ್ಲೇ ಹಿಡಿದಿಟ್ಟರೆ ಎಂಜಿನ್ನೇ ಓಟವನ್ನು ತಡೆಯುತ್ತದೆ, ಬ್ರೇಕು ಕಾಯುವುದಿಲ್ಲ. ಡೀಸೆಲ್ ಉಳಿಸಲೆಂದು 'ಎನ್'ಗೆ ಹಾಕಿ ಇಳಿಯುವ ಚಾಳಿಯನ್ನು ಹಳೆಯ ಲಾರಿಗಳ ಜೊತೆಗೆ ಬಿಟ್ಟುಬಿಡಬೇಕು. ಇಳಿಜಾರಿನಲ್ಲಿ ನಿಲ್ಲಿಸುವಾಗ ಮೊದಲು ಹ್ಯಾಂಡ್‌ಬ್ರೇಕು, ಆಮೇಲೆ 'ಪಿ'. ಇಲ್ಲವಾದರೆ ಇಡೀ ಕಾರಿನ ಭಾರ ಕಿರುಬೆರಳಿನಷ್ಟು ದಪ್ಪದ ಒಂದು ಕೊಕ್ಕೆಯ ಮೇಲೆ ಬೀಳುತ್ತದೆ.

ತೋಟದ ದಾರಿಯ ಕಲ್ಲು ಗೇರುಪೆಟ್ಟಿಗೆಯ ತಳಕ್ಕೆ ಬಡಿದು ಎಣ್ಣೆ ಸೋರಿದರೆ ಮನೆ ಹತ್ತಿರವೇ ಇದೆಯೆಂದು ಓಡಿಸಬಾರದು. ಗೋದಾಮಿನ ಪಕ್ಕ ನಿಲ್ಲಿಸಿದರೆ ಇಲಿಗಳು ವೈರು ಕಡಿಯುತ್ತವೆ; ಒಂದು ವೈರು ಹೋದರೆ ಇಂಥ ಕಾರು ಗೇರನ್ನೇ ಹಾಕದೆ ನಿಲ್ಲುವುದುಂಟು.

ಕಾಗದಪತ್ರಗಳ ಬಗ್ಗೆ ಎರಡು ಮಾತು. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲಿನಿಂದ ಈ ನವೀಕರಣದ ಶುಲ್ಕ 5,000 ರೂಪಾಯಿ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನ ಅಧಿಸೂಚನೆಯಂತೆ 10,000. 2005ರ ಮೊದಲ ಲಾರಾಗಳು ಈಗ ಈ ಲೆಕ್ಕಕ್ಕೆ ಬಂದಿವೆ. ಹೊರರಾಜ್ಯದ ಕಾರಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿರಿ. ಇಲ್ಲಿಯ ಆಜೀವ ತೆರಿಗೆಯನ್ನೂ ಬೆಲೆಯ ಜೊತೆಗೆ ಕೂಡಿಸಿಯೇ ಲೆಕ್ಕ ಹಾಕಿರಿ.

ಕೊನೆಯದಾಗಿ, ಈ ಕಾರುಗಳನ್ನು ತಳ್ಳಿ ಸ್ಟಾರ್ಟ್ ಮಾಡಲು ಬರುವುದಿಲ್ಲ. ಬ್ಯಾಟರಿ ಸತ್ತರೆ ಇನ್ನೊಂದು ಬ್ಯಾಟರಿಯಿಂದ ವೈರು ಕೊಟ್ಟೇ ಹೊರಡಿಸಬೇಕು. ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗುಬ್ಬಿಯಿಂದ ತುಮಕೂರಿಗೆ ಎಳೆಸುವಂತಿಲ್ಲ. ಎಂಜಿನ್ನು ನಿಂತಾಗ ಗೇರುಪೆಟ್ಟಿಗೆಯ ಎಣ್ಣೆ ಪಂಪೂ ನಿಂತಿರುತ್ತದೆ, ಒಳಗಿನ ಭಾಗಗಳು ಒಣಗಿದಂತೆಯೇ ತಿರುಗಿ ಸವೆಯುತ್ತವೆ. ಚಪ್ಪಟೆ ಲಾರಿಯ ಮೇಲೆ ಏರಿಸಬೇಕು, ಅಥವಾ ಮುಂದಿನ ಎರಡು ಚಕ್ರಗಳನ್ನು ನೆಲದಿಂದ ಎತ್ತಿಸಬೇಕು. ವಿಮೆ ಮಾಡಿಸುವಾಗ ದಾರಿಯಲ್ಲಿನ ಈ ಸಹಾಯವನ್ನೂ ಸೇರಿಸಿಕೊಂಡು, ಅವರ ಫೋನ್ ನಂಬರನ್ನು ಕಾಗದದ ಮೇಲೆ ಬರೆದು ಕಾರಿನ ಖಾನೆಯಲ್ಲಿಡಿರಿ. ಮೊಬೈಲಿನ ಬ್ಯಾಟರಿಯೂ ಅದೇ ಹೊತ್ತಿಗೆ ಸಾಯುವುದುಂಟು.