ಎರಡು ಬಾಗಿಲಿನ ಕಾರೂ ನಮ್ಮ ಭಾವನವರೂ

ಕಾರಿನ ಮಾತು ಶುರುವಾಯಿತೆಂದರೆ ಹೆಂಗಸರು ಎದ್ದು ಒಳಗೆ ಹೋಗಿ ಕಾಫಿಗೆ ಇಡುವುದು ನಮ್ಮ ಕಡೆ ಮೊದಲಿನಿಂದ ನಡೆದುಬಂದ ಪದ್ಧತಿ. ಎಂಜಿನ್ನು, ಗೇರು, ಮೈಲೇಜು ಎಲ್ಲ ಗಂಡಸರ ವಿಷಯ. ಕೊಂಡು ತಂದ ಮೇಲೆ ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದಷ್ಟೇ ನಮ್ಮ ಪಾಲು. ಆದರೆ ಸೋದರಿಯರೇ, ಮನೆ ಕಟ್ಟುವುದು, ಮದುವೆ ಮಾಡುವುದು ಬಿಟ್ಟರೆ ಸಂಸಾರದ ಗಂಟು ಒಂದೇ ಸಲಕ್ಕೆ ಕರಗುವುದು ಈ ಕಾರಿಗೇ ಅಲ್ಲವೇ? ಹತ್ತು ರೂಪಾಯಿ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುವ ನಾವು, ಲಕ್ಷಗಟ್ಟಲೆ ಬಾಳುವ ಕಾರಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದು ನನಗೇನೋ ಸರಿ ಕಾಣುವುದಿಲ್ಲ.

ನನಗೆ ಈ ವಿಷಯದಲ್ಲಿ ಗುರು ಎಂದರೆ ನಮ್ಮ ದೊಡ್ಡ ಭಾವನವರು. ದೋಣಿಮಲೈ ಗಣಿಯ ವರ್ಕ್‌ಷಾಪಿನಲ್ಲಿ ಡಂಪರುಗಳ ರಿಪೇರಿ ಮಾಡಿ ನಿವೃತ್ತರಾದವರು. ಎನ್‌ಎಂಡಿಸಿಯ ಈ ಗಣಿ ಶುರುವಾಗಿದ್ದು 1977ರಲ್ಲಿ. ಅದಾದ ಎರಡು ವರ್ಷಕ್ಕೆ ಇವರು ಕೆಲಸಕ್ಕೆ ಸೇರಿದರಂತೆ. ಹಗಲೆಲ್ಲ ಮನೆಯಷ್ಟು ಎತ್ತರದ ಡಂಪರಿನ ಅಡಿಯಲ್ಲಿ ಮಲಗಿ ಬಂದರೂ ಅವರ ಮನಸ್ಸು ಇದ್ದದ್ದು ಪುಟಾಣಿ ಕಾರುಗಳ ಮೇಲೆ. ಅದರಲ್ಲೂ ನಮ್ಮ ಬೆಂಗಳೂರಿನಲ್ಲೇ ತಯಾರಾದ ಕಾರುಗಳೆಂದರೆ ಪ್ರಾಣ. ಪತ್ರಿಕೆಗಳಲ್ಲಿ ಬಂದ ಚಿತ್ರಗಳನ್ನು ಕತ್ತರಿಸಿ ಹಳೆಯ ಡೈರಿಯಲ್ಲಿ ಅಂಟಿಸಿ ಇಟ್ಟಿದ್ದಾರೆ. ಕೆಂಪು ಧೂಳು ಹೊಕ್ಕು ಆ ಡೈರಿಯ ಅಂಚೆಲ್ಲ ಈಗ ಕುಂಕುಮದ ಬಣ್ಣ.

ಬೆಂಗಳೂರಿನಲ್ಲಿ ಕಾರು ತಯಾರಾಗುತ್ತಿತ್ತೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಆಗುತ್ತಿತ್ತು. 1973ರಲ್ಲಿ ಅರಬ್ ದೇಶಗಳ ಕಡೆಯಿಂದ ಎಣ್ಣೆಯ ಬಿಕ್ಕಟ್ಟು ಬಂದು ಪೆಟ್ರೋಲಿನ ಬೆಲೆ ಒಮ್ಮೆಲೇ ಏರಿದಾಗ, ಕಡಿಮೆ ಕುಡಿಯುವ ಚಿಕ್ಕ ಕಾರು ಬೇಕೆಂಬ ಕೂಗು ಎಲ್ಲೆಡೆ ಎದ್ದಿತು. ಆಗ ದೇಶದಲ್ಲಿ ಸಿಗುತ್ತಿದ್ದುದೇ ಮೂರು ಬಗೆ: ಕಲಕತ್ತೆಯ ಕಡೆಯ ಅಂಬಾಸಿಡರ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟಾಂಡರ್ಡ್. ಆ ಸಮಯದಲ್ಲಿ ಬೆಂಗಳೂರಿನ ಸನ್‌ರೈಸ್ ಎಂಬ ಕಂಪನಿ 'ಬಾದಲ್' ಎಂಬ ಮೂರು ಚಕ್ರದ ಕಾರನ್ನು ತಂದಿತು. ಮುಂದೆ ಒಂದು ಚಕ್ರ, ಹಿಂದೆ ಎರಡು, ಹಿಂಭಾಗದಲ್ಲಿ 198 ಸಿಸಿಯ ಸಣ್ಣ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸು. ನೋಡುವುದಕ್ಕೆ ಆಟೋರಿಕ್ಷಾ ಮತ್ತು ಕಾರಿನ ನಡುವಿನ ಒಂದು ಪ್ರಾಣಿ! "ಆಟೋ ದುಡ್ಡಿಗೆ ಕಾರಿನ ಗತ್ತು ಕೊಡಬೇಕು ಅಂತ ಹೊರಟ್ರು. ಕಾರು ತಗೊಳ್ಳೋರು ಇದು ಕಾರಲ್ಲ ಅಂದ್ರು, ಆಟೋ ಓಡಿಸೋರು ಇದು ಆಟೋ ಅಲ್ಲ ಅಂದ್ರು" ಎಂದು ಭಾವನವರು ಅದರ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾರೆ.

ಅವರ ಮುಖ ಅರಳುವುದು ಅದರ ನಂತರ ಬಂದ 'ಡಾಲ್ಫಿನ್' ಹೆಸರು ಎತ್ತಿದಾಗ. ಅಷ್ಟು ಹೊತ್ತಿಗೆ ಕಂಪನಿಗೆ ಸಿಪಾನಿ ಆಟೋಮೊಬೈಲ್ಸ್ ಎಂಬ ಹೆಸರಾಗಿತ್ತು. ಇಂಗ್ಲೆಂಡಿನ ರಿಲಯಂಟ್ ಎಂಬ ಕಂಪನಿ 1975ರಿಂದ 'ಕಿಟನ್', ಅಂದರೆ ಬೆಕ್ಕಿನ ಮರಿ ಎಂಬ ಹೆಸರಿನ ಕಾರನ್ನು ಮಾಡುತ್ತಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು 1982ರ ಹೊತ್ತಿಗೆ ಡಾಲ್ಫಿನ್ ಬಂತು. ಬೆಕ್ಕಿನ ಮರಿ ಇಲ್ಲಿಗೆ ಬರುವಷ್ಟರಲ್ಲಿ ಮೀನಾಯಿತು ಎಂದು ನಮ್ಮ ಮಕ್ಕಳು ನಗುತ್ತವೆ.

848 ಸಿಸಿಯ, ಅಲ್ಯೂಮಿನಿಯಂನ ಎಂಜಿನ್. ಮೈ ಫೈಬರ್ ಗ್ಲಾಸಿನದಾದ್ದರಿಂದ ತೂಕ ಅಂಬಾಸಿಡರಿನ ಅರ್ಧದಷ್ಟು. ಹೀಗಾಗಿ ಪೆಟ್ರೋಲು ಕಡಿಮೆ, ಓಟ ಜೋರು. ಇಕ್ಕಟ್ಟಿನ ಓಣಿಯಲ್ಲೂ ಸಲೀಸಾಗಿ ತಿರುಗುತ್ತಿತ್ತು. ರ‍್ಯಾಲಿ ಓಡಿಸುವ ಹುಡುಗರು ಅದನ್ನು ಬಹಳ ಇಷ್ಟಪಟ್ಟರು. ಮೈಗೆ ತುಕ್ಕಿನ ಭಯವಂತೂ ಇಲ್ಲವೇ ಇಲ್ಲ. "ಹತ್ತು ಮಳೆಗಾಲ ಬಯಲಾಗ ನಿಂತ್ರೂ ಮೈಗೆ ಏನೂ ಆಗಂಗಿಲ್ಲಮ್ಮ" ಎನ್ನುತ್ತಾರೆ ಭಾವನವರು. ಕೆಂಪು ಧೂಳು, ಮಳೆ ಎರಡನ್ನೂ ಕಂಡ ನಮ್ಮೂರಿನವರಿಗೆ ಈ ಮಾತಿನ ಬೆಲೆ ಗೊತ್ತು.

ಇಷ್ಟೆಲ್ಲ ಗುಣವಿದ್ದ ಕಾರು ಯಾಕೆ ಗೆಲ್ಲಲಿಲ್ಲ? ಇಲ್ಲೇ ನನಗೂ ಅವರಿಗೂ ವಾದ.

ಭಾವನವರ ಪ್ರಕಾರ ಡಾಲ್ಫಿನ್ನನ್ನು ಕೊಂದದ್ದು ಮಾರುತಿ. ಡಾಲ್ಫಿನ್ ರಸ್ತೆಗೆ ಇಳಿದು ಸರಿಯಾಗಿ ಉಸಿರು ಬಿಡುವ ಮೊದಲೇ, 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಬೀಗದ ಕೈಯನ್ನು ಕೊಟ್ಟರು. ಅತ್ತ ಸರ್ಕಾರದ ಕಂಪನಿ, ಬೆನ್ನಿಗೆ ಜಪಾನಿನ ಸುಝುಕಿ. ಇತ್ತ ಬೆಂಗಳೂರಿನ ಒಂದು ಚಿಕ್ಕ ಕಾರ್ಖಾನೆ. ಆನೆಯ ಎದುರು ಇರುವೆ ನಿಂತ ಹಾಗಾಯಿತು ಎಂದು ಅವರ ಸಂಕಟ.

ಮಾತೇನೋ ನಿಜ. ಆದರೆ ಡಾಲ್ಫಿನ್ನಿಗೆ ಎರಡೇ ಬಾಗಿಲು ಇದ್ದವಲ್ಲ, ಅದನ್ನು ಯಾಕೆ ಮರೆಯಬೇಕು?

ಎರಡು ಬಾಗಿಲಿನ ಕಾರಿನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟನ್ನು ಮಡಚಿ, ಸೊಂಟ ಬಗ್ಗಿಸಿ, ಒಂದು ಕಾಲು ಒಳಗಿಟ್ಟು, ಇನ್ನೊಂದನ್ನು ಎಳೆದುಕೊಳ್ಳಬೇಕು. ಇಂಗ್ಲೆಂಡಿನಲ್ಲಿ ಗಂಡ ಹೆಂಡತಿ ಇಬ್ಬರೇ ಮುಂದೆ ಕೂತು ಹೋಗುತ್ತಾರೆ, ಹಿಂದೆ ನಾಯಿಯೋ ಬುಟ್ಟಿಯೋ ಇದ್ದರೆ ಆಯಿತು. ನಮ್ಮಲ್ಲಿ ಹಿಂದಿನ ಸೀಟಿಗೆ ಹತ್ತುವವರು ಯಾರು? ಅತ್ತೆ, ಬಸುರಿ ಮಗಳು, ಕಂಕುಳಲ್ಲಿ ಕೂಸು ಇರುವ ಸೊಸೆ. ಒಂಬತ್ತು ಗಜದ ಸೀರೆ ಉಟ್ಟ ಮುದುಕಿಯನ್ನು ಆ ಸಂದಿಯಲ್ಲಿ ತೂರಿಸಿ, ಮೇಲೆ ತಾಂಬೂಲದ ಚೀಲ, ನೀರಿನ ಚೆಂಬು ಕೊಟ್ಟು ನೋಡಿ, ಗೊತ್ತಾಗುತ್ತದೆ. ಮುಂದೆ ಕೂತು ಓಡಿಸುವವನಿಗೆ ಕಾರು ಹಗುರ. ಹಿಂದೆ ಹತ್ತುವವಳಿಗೆ ಅಲ್ಲ.

ಈ ಪಾಠವನ್ನು ಮದರಾಸಿನ ಸ್ಟಾಂಡರ್ಡ್ ಕಂಪನಿ ಅದಕ್ಕೂ ಮುಂಚೆಯೇ ಕಲಿತಿತ್ತು. ಇಂಗ್ಲೆಂಡಿನಿಂದ ತಂದ ಎರಡು ಬಾಗಿಲಿನ ಹೆರಾಲ್ಡ್ ಕಾರಿಗೆ 1960ರ ದಶಕದ ಕೊನೆಗೆ ತಾನೇ ಇಲ್ಲಿ ನಾಲ್ಕು ಬಾಗಿಲು ಮಾಡಿ ಮಾರಿತು. ಪಕ್ಕದ ಊರಿನವರ ಅನುಭವ ಕಣ್ಣೆದುರಿಗೇ ಇದ್ದೂ ಬೆಂಗಳೂರಿನವರು ಎರಡೇ ಬಾಗಿಲಿಗೆ ಹೋದರು. ಮಾರುತಿಗೆ ನಾಲ್ಕು ಇದ್ದವು. ಎಂಜಿನ್ನು 796 ಸಿಸಿ, ಡಾಲ್ಫಿನ್ನಿಗಿಂತ ಚಿಕ್ಕದೇ. ಆದರೂ ಜನ ಸಾಲುಗಟ್ಟಿ ಕಾದು ಮಾರುತಿಯನ್ನೇ ಕೊಂಡರು.

ಇನ್ನೊಂದು ವಿಷಯ ಈ ಫೈಬರಿನದು. ಇದನ್ನು ನಮ್ಮ ಅಡಿಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಹಿತ್ತಾಳೆ ಕೊಡ ತಗ್ಗಾದರೆ ಕಂಚುಗಾರನ ಹತ್ತಿರ ಕೊಟ್ಟು ಬಡಿಸಬಹುದು. ಹಳತಾದರೆ ತೂಕಕ್ಕೆ ಹಾಕಿದರೂ ನಾಲ್ಕು ಕಾಸು ಬರುತ್ತದೆ. ಪ್ಲಾಸ್ಟಿಕ್ ಕೊಡ ಹಗುರ, ಕಿಲುಬು ಹಿಡಿಯುವುದಿಲ್ಲ, ಸೊಂಟಕ್ಕೂ ಸುಖ. ಆದರೆ ಸೀಳು ಬಿಟ್ಟರೆ ಯಾರ ಹತ್ತಿರ ಒಯ್ಯುತ್ತೀರಿ? ತಗಡಿನ ಕಾರಿಗೆ ಪೆಟ್ಟಾದರೆ ಯಾವ ಊರಿನ ಗ್ಯಾರೇಜಿನಲ್ಲೂ ಸುತ್ತಿಗೆ ಹಿಡಿದು ಬಡಿದು ನೇರ ಮಾಡುವವನೊಬ್ಬ ಇರುತ್ತಾನೆ. ಫೈಬರಿನ ಮೈ ತಗ್ಗಾಗುವುದಿಲ್ಲ, ಬಿರುಕು ಬಿಡುತ್ತದೆ. ಅದಕ್ಕೆ ಬಟ್ಟೆಯಂಥ ಫೈಬರಿನ ಹಾಳೆ ಇಟ್ಟು, ಅಂಟುದ್ರಾವಣ ಹಚ್ಚಿ ಒಣಗಿಸಬೇಕು. ಕೆಲಸ ಕಷ್ಟವೇನಲ್ಲವಂತೆ, ಆದರೆ ಬಲ್ಲವರು ಬೇಕು. ಸಂಡೂರಿನಲ್ಲೋ ಕಂಪ್ಲಿಯಲ್ಲೋ 1980ರ ದಶಕದಲ್ಲಿ ಅಂಥವರನ್ನು ಎಲ್ಲಿಂದ ತರುವುದು?

ಭಾವನವರು ಇಲ್ಲಿ ಮಾತ್ರ ನನ್ನ ಮಾತಿಗೆ ತಲೆದೂಗುತ್ತಾರೆ. "ಅಷ್ಟು ದೊಡ್ಡ ಡಂಪರು ಬೊಗಸೆಯಷ್ಟು ಒಂದು ಸಾಮಾನು ಇಲ್ಲ ಅಂತ ದಿನಗಟ್ಟಲೆ ನಿಂತಿದ್ದು ನೋಡೀನಿ. ಗಾಡಿ ಚೊಲೊ ಐತೋ ಇಲ್ಲೋ ಆಮೇಲೆ, ಸಾಮಾನು ಸಿಗ್ತೈತಾ ಕೇಳು ಮೊದಲು" ಎನ್ನುವುದು ಅವರ ವರ್ಕ್‌ಷಾಪಿನ ಮಾತು.

ಕಂಪನಿ ಸುಮ್ಮನೆ ಕೂತಿರಲಿಲ್ಲ. 1987ರಲ್ಲಿ 'ಮೊಂಟಾನಾ' ಬಂತು. ಡಾಲ್ಫಿನ್ನಿನ ಅದೇ ಎಂಜಿನ್ನು, ಅದೇ ಫೈಬರು, ಆದರೆ ಈ ಸಲ ಪಕ್ಕಕ್ಕೆ ನಾಲ್ಕು ಬಾಗಿಲು! ಹೊಸ ಮಾದರಿ ಬಂತೆಂದು ಭಾವನವರು ರಜೆ ಹಾಕಿ ಬೆಂಗಳೂರಿಗೇ ಹೋಗಿ ನೋಡಿ ಬಂದಿದ್ದರಂತೆ. ಅವರಿಗೆ ಅದರ ರೂಪ ಹಿಡಿಸಲಿಲ್ಲ. "ಡಾಲ್ಫಿನ್ ಒಂದೇ ಎರಕದಾಗ ಹೊಯ್ದಂಗಿತ್ತು. ಇದು ಮನಿಗೆ ಆಮೇಲೆ ಪಡಸಾಲೆ ಜೋಡಿಸಿದಂಗ ಐತೆ" ಎಂದು ಈಗಲೂ ಮುಖ ಸಿಂಡರಿಸುತ್ತಾರೆ. ಓಡಿಸುವ ಖುಷಿ ನೋಡುವವರಿಗೆ ಹಾಗೆ ಅನ್ನಿಸಿರಬಹುದು. ನನ್ನನ್ನು ಕೇಳಿದರೆ ಮೊದಲೇ ಬರಬೇಕಾಗಿದ್ದ ಕಾರು ಮೊಂಟಾನಾ. ಬಂದದ್ದು ಐದು ವರ್ಷ ತಡವಾಗಿ. ಆ ಐದು ವರ್ಷದಲ್ಲಿ ಮಾರುತಿ ಒಂದು ಸುತ್ತು ಮುಗಿಸಿ 1986ರಲ್ಲೇ ಹೊಸ ಆಕಾರವನ್ನೂ ತಂದಾಗಿತ್ತು. ಊಟ ಮುಗಿಸಿ ಎಲೆ ಎತ್ತಿದ ಮೇಲೆ ಹೋಳಿಗೆ ಬಡಿಸಿದರೆ ಯಾರು ತಿನ್ನುತ್ತಾರೆ?

ಆಮೇಲೆ ಮೊಂಟಾನಾಕ್ಕೆ ಡೀಸೆಲ್ ಎಂಜಿನ್ನು ಕೂರಿಸಿದರು. 1990ರ ದಶಕದ ನಡುವೆ ಇಂಗ್ಲೆಂಡಿನ ರೋವರ್ ಕಂಪನಿಯ ಮಾಂಟೆಗೊ ಎಂಬ ದೊಡ್ಡ ಕಾರನ್ನು ತಂದು ಇಲ್ಲಿ ಜೋಡಿಸಿ ಮಾರಿದರು. ಅದೂ ಹೋಗಲಿಲ್ಲ. ಇದರಲ್ಲಿ ಒಂದು ವಿಚಿತ್ರ ಗಮನಿಸಿದಿರಾ? ಕಿಟನ್ ಇಂಗ್ಲೆಂಡಿನಲ್ಲಿ ನಿಂತದ್ದು 1982ರಲ್ಲಿ, ಇಲ್ಲಿ ಡಾಲ್ಫಿನ್ ಹುಟ್ಟಿದ್ದೂ ಆಗಲೇ. ಮಾಂಟೆಗೊ ಅಲ್ಲಿ 1984ರಲ್ಲಿ ಬಂದದ್ದು, ಇಲ್ಲಿಗೆ ಬರುವಾಗ ಅಲ್ಲಿ ಅದರ ಆಯುಸ್ಸೂ ಮುಗಿಯುತ್ತಿತ್ತು. ಎರಡು ಸಲವೂ ಬೇರೆಯವರು ಉಟ್ಟು ಬಿಟ್ಟ ಸೀರೆಗೆ ಹೊಸ ಅಂಚು ಹಚ್ಚಿದ ಹಾಗಾಯಿತು. ಕಷ್ಟದಲ್ಲಿರುವ ಕಂಪನಿ ತನ್ನದೇ ಹೊಸದನ್ನು ಮಾಡಲು ದುಡ್ಡು ಎಲ್ಲಿಂದ ತರಬೇಕು, ಅದೂ ನಿಜ. ಆ ಕಂಪನಿಯ ಕಾರುಗಳ ಕಥೆ ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದುಕೊಂಡರೆ ಅದೇ ಬೆಂಗಳೂರಿನಲ್ಲಿ 2001ರಲ್ಲಿ 'ರೇವಾ' ಬಂತು. ಚೇತನ್ ಮೈನಿಯವರ ಈ ಬ್ಯಾಟರಿ ಕಾರನ್ನು ನಿಮ್ಮಲ್ಲಿ ಹಲವರು ಬೆಂಗಳೂರಿಗೆ ಹೋದಾಗ ನೋಡಿರಬಹುದು. ಕ್ಲಚ್ಚಿಲ್ಲ, ಗೇರು ಹಾಕುವ ತಾಪತ್ರಯವಿಲ್ಲ, ಹೊಗೆ ಇಲ್ಲ, ರಾತ್ರಿ ಮೊಬೈಲಿಗೆ ಹಾಕಿದಂತೆ ಪ್ಲಗ್ಗಿಗೆ ಹಾಕಿದರೆ ಬೆಳಿಗ್ಗೆಗೆ ಸಿದ್ಧ. 2004ರಿಂದ ಲಂಡನ್ನಿನಲ್ಲೂ ಓಡಿತು. ಬೆಂಗಳೂರಿನ ಕಾರು ಲಂಡನ್ನಿನ ಬೀದಿಯಲ್ಲಿ ಓಡಿತೆಂದರೆ ನಮಗೆ ಹೆಮ್ಮೆಯ ಮಾತೇ ಸರಿ. ಮೈ ಇಲ್ಲೂ ಪ್ಲಾಸ್ಟಿಕ್ಕು. ಬಾಗಿಲು? ಇಲ್ಲೂ ಎರಡೇ! ಹಿಂದಿನ ಸೀಟು ಎರಡು ಮಕ್ಕಳಿಗೆ ಸಾಕಾಗುವಷ್ಟು. ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್ ಎನ್ನುತ್ತಿದ್ದರು. ದೋಣಿಮಲೈಯಿಂದ ಸಂಡೂರು ಘಟ್ಟ ದಾಟಿ ಹೊಸಪೇಟೆಗೆ ಹೋಗಿ ಬರುವವರಿಗೆ ಅಷ್ಟರಲ್ಲಿ ಧೈರ್ಯ ಸಾಲದು.

2010ರಲ್ಲಿ ಮಹೀಂದ್ರದವರು ಆ ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡರು. 2013ರಲ್ಲಿ 'ಇ2ಒ' ಎಂಬ ಹೊಸ ಕಾರು ಬಂತು. ಒಳ್ಳೆಯ ಬ್ಯಾಟರಿ, ಒಳ್ಳೆಯ ಓಟ, ದೆಹಲಿಯಲ್ಲಿ ಬೆಲೆ ಆರು ಲಕ್ಷದ ಹತ್ತಿರ. ಮತ್ತೆ ಎರಡು ಬಾಗಿಲು! 2016ರಲ್ಲಿ ಅದಕ್ಕೆ ನಾಲ್ಕು ಬಾಗಿಲು ಮಾಡಿ 'ಇ2ಒ ಪ್ಲಸ್' ಎಂದು ತಂದರು. 2019ರಲ್ಲಿ ಅದೂ ನಿಂತಿತು. ಡಾಲ್ಫಿನ್ನಿಗೆ ನಾಲ್ಕು ಬಾಗಿಲು ಬರಲು ಐದು ವರ್ಷ ಹಿಡಿದಿತ್ತು, ಇದಕ್ಕೆ ಮೂರು. ಬೆಲೆ, ಬ್ಯಾಟರಿ ಎಂದು ಬೇರೆ ಕಾರಣಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಆದರೂ ಆ ಕೋಣೆಯಲ್ಲಿ ಕೂತು ಚಿತ್ರ ಬರೆಯುವಾಗ ಯಾರಾದರೂ ಒಬ್ಬರು ತಮ್ಮ ತಾಯಿಯನ್ನು ನೆನೆಸಿಕೊಳ್ಳಬಾರದಿತ್ತೇ ಎಂದು ನನಗೆ ಅನ್ನಿಸುತ್ತದೆ.

ಇಷ್ಟು ಹೇಳಲು ಕಾರಣವಿದೆ. ಚೀಟಿ ಎತ್ತಿದ ದುಡ್ಡು ಕೈಯಲ್ಲಿದೆ, ನಮ್ಮ ಮನೆಯಲ್ಲೂ ಈಗ ಕಾರಿನ ಮಾತು ನಡೆದಿದೆ. ಅತ್ತೆಯವರ ಮೊಣಕಾಲಿಗೆ ತಿಂಗಳಿಗೊಮ್ಮೆ ಹೊಸಪೇಟೆಗೆ ಹೋಗಬೇಕು, ಬಸ್ಸಿನ ಮೆಟ್ಟಿಲು ಅವರಿಂದ ಹತ್ತಲಾಗದು. ಮಾರಾಟ ಕುಸಿದ ಒಂದು ಕಂಪನಿಯವರು ಹೊಸ ಮಾದರಿಗೆ ಭಾರಿ ರಿಯಾಯಿತಿ ಕೊಡುತ್ತಿದ್ದಾರೆಂದು ನಮ್ಮ ಮನೆಯವರು ಕಾಗದ ತಂದು ತೋರಿಸಿದರು. ದುಡ್ಡು ಉಳಿಯುತ್ತದೆ, ಸುಳ್ಳಲ್ಲ. ನಾನು ಭಾವನವರನ್ನು ಕೇಳಿದೆ.

"ರೊಕ್ಕ ಕಡಿಮಿ ಅಂತ ಓಡಬ್ಯಾಡ್ರಿ. ಹೊಸಪೇಟೆಯಾಗ ಅದರ ಗ್ಯಾರೇಜು ಐತಾ ನೋಡ್ರಿ. ಅದೇ ಗಾಡಿ ಇಟ್ಟೋರು ಇಬ್ಬರನ್ನ ಹುಡುಕಿ, ಸಾಮಾನು ತರಿಸಾಕ ಎಷ್ಟು ದಿನ ಹಿಡೀತು ಕೇಳ್ರಿ. ಐದು ವರ್ಷದ ಹಳೇ ಗಾಡಿ ಎಷ್ಟಕ್ಕ ಹೋಗ್ತೈತೆ ತಿಳ್ಕೊಳ್ರಿ. ರಿಯಾಯಿತಿ ಕೊಟ್ಟಿದ್ದು ಅಲ್ಲೇ ವಾಪಸ್ ಹೋಗಿರ್ತೈತೆ" ಎಂದರು. ಅದಕ್ಕೆ ನಾನು ಸೇರಿಸಿದ್ದು ಒಂದೇ: ಷೋರೂಮಿಗೆ ಅತ್ತೆಯವರನ್ನು ಕರೆದುಕೊಂಡೇ ಹೋಗಬೇಕು. ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ಯಾರ ಆಸರೆಯೂ ಇಲ್ಲದೆ ಹಿಂದಿನ ಸೀಟಿಗೆ ಹತ್ತಿ ಇಳಿಯಬೇಕು. ಎರಡು ಸಲ.

ಪಕ್ಕದಲ್ಲೇ ಕೂತು ಅವರೆಕಾಳು ಸುಲಿಯುತ್ತಿದ್ದ ಅತ್ತೆಯವರು ಆಗ ಬಾಯಿಬಿಟ್ಟರು. ಆಗಿನ ಕಾಲದಲ್ಲಿ ಭಾವನವರು ಡಾಲ್ಫಿನ್ ಬುಕ್ ಮಾಡುತ್ತೇನೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟಿದ್ದರಂತೆ. ಮಾವನವರು ಒಪ್ಪಲಿಲ್ಲ. ಈಗಲೂ ಎಲ್ಲಾದರೂ ಓಡುವ ಸ್ಥಿತಿಯ ಡಾಲ್ಫಿನ್ ಸಿಕ್ಕರೆ ಪಿಂಚಣಿ ದುಡ್ಡಿನಲ್ಲಿ ತಂದೇ ತರುತ್ತೇನೆ ಎಂದು ಭಾವನವರು ಎದೆ ತಟ್ಟಿಕೊಂಡರು.

"ತಾರಪ್ಪ, ಬ್ಯಾಡ ಅನ್ನಂಗಿಲ್ಲ" ಎಂದರು ಅತ್ತೆಯವರು, "ಮುಂದಿನ ಸೀಟು ಮಾತ್ರ ನಂದು."