ಪರ ಒಬ್ಬರು, ವಿರೋಧ ಒಬ್ಬರು

ಗಟ್ಟಿಕಂಠದ ಹುಡುಗನೊಬ್ಬನನ್ನು ಆರಿಸಿ, ಗುರುಗಳೇ ಬರೆದ ಭಾಷಣವನ್ನು ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸಿದರೆ ಚರ್ಚಾಸ್ಪರ್ಧೆಯ ಸಿದ್ಧತೆ ಮುಗಿಯಿತೆಂದು ತಿಳಿದವರು ಬಹುಮಂದಿ. ಆದರೆ ತಂಡಕ್ಕೆ ಪಾರಿತೋಷಕ ಸಲ್ಲುವ ಸ್ಪರ್ಧೆಯಲ್ಲಿ ಈ ಉಪಾಯ ದೂರ ಸಾಗದು. ಅಲ್ಲಿ ಶಾಲೆಗೆ ಇಬ್ಬರು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕಗಳನ್ನೂ ಕೂಡಿಸಿ ಫಲಕ ಕೊಡುವುದು ವಾಡಿಕೆ. ಒಬ್ಬನು ವಾಗ್ಮಿಯಾಗಿ ಮತ್ತೊಬ್ಬನು ತೊದಲಿದರೆ ಶಾಲೆಗೆ ಬರಿಗೈ.

ಬಾಗಲಕೋಟೆಯಲ್ಲಿ 'ಅಣೆಕಟ್ಟುಗಳಿಂದ ನಾಡಿಗೆ ಹಿತವೇ ಹೆಚ್ಚು' ಎಂಬ ವಿಷಯ ಬಂದಿತೆನ್ನಿ. ಬೇರೆಡೆ ಅದು ಪುಸ್ತಕದ ಮಾತು. ಇಲ್ಲಿ ಮನೆಯ ಮಾತು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನ ಓಣಿಗಳನ್ನು ನುಂಗಿತು. ಸಾವಿರಾರು ಸಂಸಾರಗಳು ನವನಗರಕ್ಕೆ ಬಂದು ನೆಲೆಸಿದವು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣವು 2010ರಲ್ಲಿ ಸಮ್ಮತಿಸಿದ ಮೇಲೆ ಮುಳುಗಡೆಯ ಚಿಂತೆ ಇನ್ನಷ್ಟು ಹಳ್ಳಿಗಳಿಗೆ ಹಬ್ಬಿತು. ಮುಳುಗಿದ ಮನೆಯ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ಹುಡುಗಿಗೆ 'ನೀನು ಅಣೆಕಟ್ಟಿನ ಪರವಾಗಿ ಮಾತಾಡು' ಎಂದರೆ ಅವಳ ಗಂಟಲು ಕಟ್ಟದಿದ್ದೀತೆ?

ಅನುಭವಸ್ಥ ಗುರುಗಳು ಇಂಥಲ್ಲಿ ಅಂಕಿಸಂಖ್ಯೆಗಳನ್ನು ಮುಂದೊಡ್ಡುವುದಿಲ್ಲ. "ನಿಮ್ಮಜ್ಜಿ ಹೇಳಿದ್ದನ್ನ ಬಿಡಬ್ಯಾಡವ್ವಾ, ಅದನ್ನ ಮೊದಲ ಹೇಳು" ಎನ್ನುತ್ತಾರೆ. ಬಳಿಕ ಕಾಲುವೆಯ ನೀರು ಕಂಡ ರೈತನೊಬ್ಬನ ಬಳಿಗೆ ಕಳುಹಿಸುತ್ತಾರೆ. ಕಳೆದುದನ್ನು ಅಲ್ಲಗಳೆಯದೆ ಪಡೆದುದನ್ನು ಹೇಳುವವಳ ಮಾತಿಗೆ ಎದುರಾಳಿಯೂ ಕಿವಿಗೊಡಬೇಕಾಗುತ್ತದೆ. ಇಷ್ಟಾಗಿಯೂ ಮನಸ್ಸೊಪ್ಪದಿದ್ದರೆ ಪಕ್ಷ ಬದಲಿಸಿಕೊಡುವುದೇ ಸರಿ. ಮರದ ಫಲಕವೊಂದಕ್ಕಾಗಿ ಮಗುವನ್ನು ಅಳಿಸುವುದುಂಟೆ!

ಬಾದಾಮಿಯ ಮಕ್ಕಳಿಗೆ ಸ್ಮಾರಕಗಳ ರಕ್ಷಣೆ ವಿಷಯವಾದರೆ, ಪುಸ್ತಕ ಮುಚ್ಚಿಸಿ ಕಪ್ಪೆ ಅರಭಟ್ಟನ ಶಾಸನದ ಬಂಡೆಯ ಬಳಿಗೆ ಕರೆದೊಯ್ಯಬಹುದು. ಸುಮಾರು 1300 ವರ್ಷಗಳ ಹಿಂದಿನ ಆ ತ್ರಿಪದಿಗಳು ಒಬ್ಬ ಮನುಷ್ಯನ ಸ್ವಭಾವವನ್ನು ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತವೆ. ಐದು ನಿಮಿಷದ ಭಾಷಣವನ್ನು ಹತ್ತಕ್ಕೆ ಎಳೆಯುವವರು ನೋಡಬೇಕಾದ ಬಂಡೆಯದು. ಹುನಗುಂದದ ಕಡೆಯ ತೊಡಕು ಬೇರೆ. ಕೂಡಲಸಂಗಮ ಆ ತಾಲೂಕಿನಲ್ಲೇ ಇದೆ. ಬಸವಣ್ಣನವರ ವಚನಗಳು ಅನೇಕ ಮಕ್ಕಳಿಗೆ ನಾಲಗೆಯ ತುದಿಯಲ್ಲಿವೆ. ವಾದ ಸೊರಗಿದೆಡೆ ವಚನವೊಂದನ್ನು ತುರುಕಿ ಚಪ್ಪಾಳೆ ಗಿಟ್ಟಿಸುವ ಆಸೆ ಹುಟ್ಟುವುದು ಸಹಜ. ಚಪ್ಪಾಳೆ ಬೀಳುತ್ತದೆ, ಎದುರಾಳಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಆ ಪ್ರಶ್ನೆಯನ್ನು ಹಿಡಿಯುವುದು ಹೇಗೆಂಬುದಕ್ಕೆ ಇಳಕಲ್ಲಿನ ಮಗ್ಗದಲ್ಲಿ ಉಪಮೆ ಸಿದ್ಧವಾಗಿದೆ. ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಮಾತೂ ಹಾಗೆಯೇ ಎದುರಿನವರು ಬಿಟ್ಟ ಎಳೆಯಿಂದ ಆರಂಭವಾಗಬೇಕು. ಬಾಯಿಪಾಠದವನಿಗೆ ಈ ಕೊಂಡಿ ಸಿಕ್ಕದು. ತನ್ನ ಸರದಿ ಬರುವವರೆಗೆ ಅವನು ಮನಸ್ಸಿನಲ್ಲಿ ತನ್ನ ಸಾಲುಗಳನ್ನೇ ಉರು ಹೊಡೆಯುತ್ತಿರುತ್ತಾನೆ. ಇದಕ್ಕೊಂದು ಅಭ್ಯಾಸವುಂಟು. ಜೊತೆಗಾರ ಹೇಳಿದುದನ್ನು ಅವನೇ 'ಹೌದು, ನಾ ಹೇಳಿದ್ದು ಇದೇ' ಎಂದು ಒಪ್ಪುವಂತೆ ಮೊದಲು ತಿರುಗಿ ಹೇಳಬೇಕು, ಆಮೇಲೆ ಖಂಡಿಸಬೇಕು. ಮೊದಮೊದಲು ಮಕ್ಕಳು ತಡವರಿಸುತ್ತಾರೆ. ದೊಡ್ಡವರೂ ತಡವರಿಸುವ ವಿದ್ಯೆಯದು.

ಸ್ಪರ್ಧೆಯ ಹಿಂದಿನ ದಿನ ಗುರುಗಳು ಚೀಟಿಗಳನ್ನೆಲ್ಲ ಇಸಿದುಕೊಂಡು ತಮ್ಮ ಕಿಸೆಗೆ ಹಾಕಿಕೊಂಡರೆ ಲೇಸು. ಮರುದಿನ ಬಸ್ಸಿನಲ್ಲಿ ಇಬ್ಬರೂ ತಲೆತಗ್ಗಿಸಿ ಚೀಟಿ ನೋಡುವ ಬದಲು, ದಾರಿಯುದ್ದಕ್ಕೂ ಒಬ್ಬರೊಡನೊಬ್ಬರು ವಾದಿಸುತ್ತ ಹೋಗುತ್ತಾರೆ.