ಕನಿಕರ ಯಾರದು?

ದೇವನೂರ ಮಹಾದೇವರ ‘ಒಡಲಾಳ’ದಲ್ಲಿ, ಕದ್ದು ತಂದ ಕಡಲೆಕಾಯಿ ಮೂಟೆಯನ್ನು ಸಾಕವ್ವನ ಮನೆಮಂದಿಯೆಲ್ಲ ರಾತ್ರಿ ಕೂತು ತಿಂದು ಮುಗಿಸುತ್ತಾರೆ. ಈ ಭಾಗದ ಭಾವ ಯಾವುದು ಅಂತ ತರಗತಿಯಲ್ಲಿ ಕೇಳಿದರೆ ನನಗೆ ಥಟ್ಟನೆ ಸಿಗುವ ಉತ್ತರ ‘ಕರುಣರಸ’. ದಲಿತರ ಕತೆ ಅಂದಮೇಲೆ ಅಯ್ಯೋ ಅನ್ನಲೇಬೇಕಲ್ಲ!

ಆದರೆ ಸನ್ನಿವೇಶ ಬೇರೆ, ದನಿ ಬೇರೆ. ಹಸಿವು ಸನ್ನಿವೇಶದಲ್ಲಿದೆ, ಹೇಳುವ ದನಿಯಲ್ಲಿರುವುದು ಹಬ್ಬ. ಇದನ್ನು ಹಿಡಿಯೋದು ಹೇಗೆ? ನಿರೂಪಕ ದೂರದಲ್ಲಿ ನಿಂತು ಮರುಗುತ್ತಿದ್ದಾನೋ, ಅವರ ಸಾಲಿನಲ್ಲೇ ಕೂತಿದ್ದಾನೋ ನೋಡಿ. ಮಾತುಗಳನ್ನು ನಂಜನಗೂಡು ಸೀಮೆಯ ಆಡುನುಡಿಯಲ್ಲೇ ಬಾಯಿಬಿಟ್ಟು ಓದಿ. ಶಿಷ್ಟಗನ್ನಡಕ್ಕೆ ತಿದ್ದಿಕೊಂಡು ಓದಿದರೆ ನಗು ಸತ್ತು ಬರೀ ಬಡತನ ಉಳಿಯುತ್ತೆ. (ನಮ್ಮ ಪರೀಕ್ಷೆಗಳಿಗೆ ಬೇಕಾಗಿರೋದೂ ಅಷ್ಟೇ.)

ದನಿ ಕೇಳಿಸಿತೋ, ಅರ್ಥವೂ ಹೊರಳುತ್ತದೆ. ಆಮೇಲೆ ಪೊಲೀಸರು ಮನೆ ಜಾಲಾಡಿದರೆ ಮೂಟೆಯ ಸುಳಿವೇ ಇಲ್ಲ, ಅದು ಹೊಟ್ಟೆ ಸೇರಿಯಾಗಿದೆ. ಕರುಣೆಯಿಂದ ಓದಿದವನಿಗೆ ಇಲ್ಲಿ ಬಲಿಪಶುಗಳು ಮಾತ್ರ ಕಾಣುತ್ತಾರೆ. ದನಿಗೆ ಕಿವಿಗೊಟ್ಟವನು ‘ಕಳ್ಳತನ’ ಅನ್ನೋ ಪದವೇ ಯಾರ ಕಡೆಯದು ಅಂತ ಕೇಳಬೇಕಾಗುತ್ತದೆ. ನೋವು ಇಲ್ಲ ಅಂತಲ್ಲ. ಅದು ಓದುಗನ ಮರುಕವನ್ನು ಬೇಡುತ್ತಿಲ್ಲ, ಅಷ್ಟೆ.